ಅಪ್ಪನ ಕೃತ್ತಿಕೆ ಮತ್ತು ಒಂದು ಕೂದಲೆಳೆ ಫೋಕಸ್ಸು

ಹಳೆ ಕ್ಯಾಮೆರಾ ಲೆನ್ಸುಗಳ ಮೇಲೆ ಅಡ್ಡ ಮಲಗಿದ ಎಂಟರಂಥ ಗುರುತು ನೋಡಿರ್ತೀರಿ. ಅನಂತ ಅಂತ ಅದರ ಅರ್ಥ. ದೂರದ ಬೆಟ್ಟ ಬೇಕಾ, ಅಲ್ಲಿಗೆ ತಿರುಗಿಸಿ, ಕ್ಲಿಕ್ ಮಾಡಿ, ಸುಮಾರಾಗಿ ಕೆಲಸ ಆಯ್ತು. ಅದೇ ಕ್ಯಾಮೆರಾನ ಟೆಲಿಸ್ಕೋಪಿಗೆ ಕಟ್ಟಿ ನೋಡಿ... ಅನಂತ ಎಲ್ಲಿದೆ ಅಂತ ಹೇಳೋರೇ ಇರಲ್ಲ! ಲೆನ್ಸು ಕಳಚಿಟ್ಟ ಮೇಲೆ ಆಟೋಫೋಕಸ್ಸೂ ಅದರ ಜೊತೆಗೇ ಹೋಯ್ತು. ಉಳಿದಿದ್ದು ಫೋಕಸರ್‌ನ ಒಂದು ತಿರುಗಣೆ, ನಮ್ಮ ಎರಡು ಬೆರಳು.

ಇಷ್ಟೆಲ್ಲ ಯಾಕೆ, ಕಣ್ಣಿಟ್ಟು ನೋಡಿದರೆ ಸಾಲದಾ ಅಂತ ನೀವು ಕೇಳಬಹುದು. ನನಗೆ ಸಾಕು. ಆದರೆ ಅಪ್ಪನಿಗೆ ಸಾಲದು. ಎಪ್ಪತ್ತೆಂಟರ ಅಪ್ಪನಿಗೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ. ನೇರ ನೋಡಿದ ಜಾಗದಲ್ಲಿ ಬೂದು ಮಚ್ಚೆ, ಸುತ್ತಲಿನದು ಮಾತ್ರ ಕಾಣುತ್ತೆ. ಐಪೀಸಿನ ಆ ಸಣ್ಣ ತೂತಿನಲ್ಲಿ ಅವರಿಗೆ ಏನೂ ಸಿಗಲ್ಲ. ಟಿವಿ ಪರದೆಯ ಮೇಲೆ ದೊಡ್ಡದಾಗಿ ಹಾಕಿದರೆ, ತಲೆ ಒಂಚೂರು ಓರೆ ಮಾಡಿಕೊಂಡು ನೋಡ್ತಾರೆ. ಅದಕ್ಕೇ ಈ ಕ್ಯಾಮೆರಾ ಸಾಹಸ.

ಅಪ್ಪ ಕೇಳಿದ್ದು ಶನಿಯ ಉಂಗುರ ಅಲ್ಲ, ಕೃತ್ತಿಕೆ. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಂಗಳದಲ್ಲಿ ಮಲಗಿ ಅಜ್ಜಿ ಜೊತೆ ಎಣಿಸ್ತಿದ್ದರಂತೆ. ಅಜ್ಜಿಗೆ ಆರು, ಅಪ್ಪನಿಗೆ ಏಳು. ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಅಂತೀವಲ್ಲ, ಆಗ ಸೂರ್ಯ ಅದೇ ನಕ್ಷತ್ರದಲ್ಲಿರೋದರಿಂದ ಆ ಗುಂಪು ಕಣ್ಣಿಗೆ ಬೀಳೋದೇ ಇಲ್ಲ. ನೋಡೋಕೆ ಚಳಿಗಾಲವೇ ಆಗಬೇಕು. ಜನವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಹೆಚ್ಚುಕಮ್ಮಿ ನೆತ್ತಿ ಮೇಲಿರುತ್ತೆ.

ಇಲ್ಲಿ ಫೋಕಸ್ಸು ಬರೀ ಅಂದಚಂದದ ಮಾತಲ್ಲ. ನಕ್ಷತ್ರ ಅನ್ನೋದು ಒಂದು ಚುಕ್ಕಿ. ಫೋಕಸ್ ತಪ್ಪಿದರೆ ಆ ಚುಕ್ಕಿಯ ಬೆಳಕು ಅಗಲಕ್ಕೆ ಹರಡುತ್ತೆ. ದೊಡ್ಡ ನಕ್ಷತ್ರ ಊದಿಕೊಂಡು ಕಾಣುತ್ತೆ, ಸಣ್ಣದು ಹರಡಿ ಹರಡಿ ಕಾಣದೇ ಹೋಗುತ್ತೆ. ಅಂದರೆ ಅಪ್ಪ ಎಷ್ಟು ಎಣಿಸ್ತಾರೆ ಅನ್ನೋದು ನನ್ನ ಬೆರಳ ಮೇಲಿದೆ.

ಎಷ್ಟು ಕರಾರುವಾಕ್ಕಾಗಿರಬೇಕು ಅಂತೀರಾ? ನನ್ನದು 150 ಮಿ.ಮೀ. ಕನ್ನಡಿಯ ನ್ಯೂಟೋನಿಯನ್, ನಾಭಿದೂರ 750 ಮಿ.ಮೀ., ಎಫ್/5. ಇದಕ್ಕೆ ಚಿತ್ರ ಪೂರ್ತಿ ಚೂಪಾಗಿ ನಿಲ್ಲುವ ಜಾಗ ಸುಮಾರು 0.05 ಮಿ.ಮೀ. ಅಷ್ಟೇ. ಒಂದು ಕೂದಲಿನ ದಪ್ಪ! ಎಫ್/10 ಆದರೆ ಇದರ ನಾಲ್ಕರಷ್ಟು ಸಿಗುತ್ತೆ.

ಮೊದಲು ನೋಡಬೇಕಾದ್ದು, ಕ್ಯಾಮೆರಾ ಫೋಕಸ್ಸಿಗೆ ಬರುತ್ತಾ ಅನ್ನೋದು. ಟಿ-ರಿಂಗ್ ಹಾಕಿದರೆ ಸೆನ್ಸರ್ ಇರೋದು ರಿಂಗಿನ ಮುಖದಿಂದ 55 ಮಿ.ಮೀ. ಹಿಂದೆ. ಎಷ್ಟೋ ನ್ಯೂಟೋನಿಯನ್‌ಗಳಲ್ಲಿ ಫೋಕಸರನ್ನು ಪೂರ್ತಿ ಒಳಗೆ ತಳ್ಳಿದರೂ ಚಿತ್ರ ಅಲ್ಲೀತನಕ ಬರೋದೇ ಇಲ್ಲ. ಆಗ ಗಿಡ್ಡನೆಯ ಅಡಾಪ್ಟರ್ ಹುಡುಕಬೇಕು, ಇಲ್ಲಾ ಮಧ್ಯೆ ಬಾರ್ಲೋ ಲೆನ್ಸ್ ಹಾಕಬೇಕು. ನನ್ನದು ಫೋಟೋಗೆಂದೇ ಮಾಡಿದ ಮಾಡೆಲ್ಲು, ಈ ತಾಪತ್ರಯ ಇಲ್ಲ.

ಆಮೇಲೆ ಹಗಲಿನ ಕೆಲಸ. ಮಹಡಿ ಮೇಲಿಂದ ಒಂದು ಕಿಲೋಮೀಟರ್ ದೂರದ ತೆಂಗಿನಮರಕ್ಕೆ ಫೋಕಸ್ ಮಾಡಿ ಫೋಕಸರ್ ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಹಾಕಿಡ್ತೀನಿ. (ಸೂರ್ಯನ ಕಡೆ ಮಾತ್ರ ತಿರುಗಿಸಲೇಬೇಡಿ!) ನಕ್ಷತ್ರದ ಫೋಕಸ್ಸು ಆ ಗೆರೆಗಿಂತ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ಒಳಗೆ ಇರುತ್ತೆ. ಕತ್ತಲಲ್ಲಿ ತಡಕಾಡೋದು ತಪ್ಪುತ್ತೆ.

ರಾತ್ರಿ ಮೊದಲು ರೋಹಿಣಿ ಹಿಡೀತೀನಿ. ಕೃತ್ತಿಕೆಯ ನೆರೆಮನೆ, ಒಳ್ಳೆ ಬೆಳಕಿನ ನಕ್ಷತ್ರ. ಲೈವ್ ವ್ಯೂ ಹಾಕಿ ಹತ್ತು ಪಟ್ಟು ಹಿಗ್ಗಿಸಿದರೆ ಚುಕ್ಕಿ ಕುದಿಯೋ ಎಸರಿನ ಹಾಗೆ ನಡುಗ್ತಿರುತ್ತೆ. ಗಾಳಿಯ ಆಟ ಅದು. ಇದರಲ್ಲಿ ಅತಿ ಸಣ್ಣ ಚುಕ್ಕಿ ಯಾವುದು ಅಂತ ಬರಿಗಣ್ಣಲ್ಲಿ ತೀರ್ಮಾನಿಸೋದು ಕಷ್ಟ. ಅಲ್ಲಿಗೆ ಬರುತ್ತೆ ಬಾಹ್ತಿನೋವ್ ಮುಸುಕು. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ತಿನೋವ್ 2005ರಲ್ಲಿ ಕಂಡುಹಿಡಿದದ್ದು. ಟೆಲಿಸ್ಕೋಪಿನ ಬಾಯಿಗೆ ಮುಚ್ಚೋ ರಟ್ಟು, ಅದರಲ್ಲಿ ಮೂರು ದಿಕ್ಕಿಗೆ ಕೊಯ್ದ ಸೀಳುಗಳು. ಬೆಳಕು ಆ ಸೀಳುಗಳಲ್ಲಿ ಬಾಗಿ ನಕ್ಷತ್ರದ ಸುತ್ತ ಮೂರು ಗೆರೆ ಮೂಡಿಸುತ್ತೆ. ಎರಡು ಗೆರೆ ಗುಣಾಕಾರದ ಚಿಹ್ನೆ ಥರ ನಿಂತಿರುತ್ತೆ. ಮೂರನೆಯದು ಫೋಕಸ್ ಬದಲಾದಂತೆ ಅತ್ತಿಂದಿತ್ತ ಸರಿಯುತ್ತೆ. ಅದು ಸರಿಯಾಗಿ ನಟ್ಟನಡುವೆ ಬಂತಾ, ಫೋಕಸ್ ಸಿಕ್ತು. ನಾನು ಮಾಡಿಕೊಂಡಿದ್ದು ದಪ್ಪನೆಯ ಲಗ್ನಪತ್ರಿಕೆಗಳನ್ನು ಜೋಡಿಸಿ, ಬ್ಲೇಡಲ್ಲಿ ಕೊಯ್ದು. ಯಾರ ಮದುವೆಯದು ಅಂತ ಕೇಳಬೇಡಿ :)

ಅಷ್ಟಕ್ಕೇ ಮುಗಿಯಲ್ಲ. ಕ್ಯಾಮೆರಾದ ಭಾರಕ್ಕೆ ಕೊಳವೆ ಜಾರದ ಹಾಗೆ ಲಾಕ್ ಸ್ಕ್ರೂ ಬಿಗಿ ಮಾಡ್ತೀವಲ್ಲ, ಬಿಗಿ ಮಾಡೋದರಲ್ಲೇ ಕೂದಲೆಳೆಯಷ್ಟು ಸರಿದಿರುತ್ತೆ. ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಗೆರೆ ನೋಡಬೇಕು. ತಿರುಗಿಸೋವಾಗ ಯಾವಾಗಲೂ ಒಂದೇ ಕಡೆಯಿಂದ ಬರಬೇಕು, ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲ ಆಟ ಆಡಿಸುತ್ತೆ. ಇನ್ನು ಚಳಿ. ಉಕ್ಕಿನ ಕೊಳವೆ ಎಂಟು ಡಿಗ್ರಿ ತಣ್ಣಗಾದರೆ ಸುಮಾರು 0.07 ಮಿ.ಮೀ. ಕುಗ್ಗುತ್ತೆ. ನಮಗಿರೋ ಜಾಗ 0.05! ಅಲ್ಯೂಮಿನಿಯಂ ಆದರೆ ಕುಗ್ಗೋದು ಇನ್ನೂ ಹೆಚ್ಚುಕಮ್ಮಿ ಎರಡರಷ್ಟು. ಟೆಲಿಸ್ಕೋಪನ್ನು ಸಂಜೆಯೇ ಹೊರಗಿಟ್ಟು, ಅರ್ಧರ್ಧ ಗಂಟೆಗೆ ರೋಹಿಣಿಗೆ ಹೋಗಿ ಬರೋದೇ ಇದಕ್ಕೆ ಮದ್ದು. ಹ್ಞಾಂ, ಫೋಟೋ ತೆಗೆಯೋ ಮುಂಚೆ ರಟ್ಟು ತೆಗೀರಿ.

ಕಳೆದ ಚಳಿಗಾಲ, ಮೋಟಾರು ಕೃತ್ತಿಕೆಯ ಹಿಂದೆ ಸಾಗ್ತಿತ್ತು. ಹತ್ತು ಸೆಕೆಂಡಿನ ಒಂದೊಂದೇ ಚಿತ್ರ ಕೆಳಗೆ ನಡುಮನೆಯ ಟಿವಿಗೆ ಹಾಕಿದೆ. ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡು, ತಲೆ ಓರೆ ಮಾಡಿ, ಬೆರಳು ಗಾಳಿಯಲ್ಲಿ ಆಡಿಸ್ತಾ ಎಣಿಸೋಕೆ ಶುರು ಮಾಡಿದರು.

"ಎಷ್ಟಪ್ಪಾ?" ಅಂದೆ.

"ಸುಮ್ನಿರು, ತಪ್ಪೋಗುತ್ತೆ" ಅಂದರು. ಇಪ್ಪತ್ಮೂರರ ತನಕ ಹೋಗಿ, ಎಲ್ಲೋ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಹಿಡಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಂಗೆ ಆರೇ ಕಾಣ್ತಿದ್ದಿದ್ದು, ಪಾಪ" ಅಂದರು.

ಮಚ್ಚೆ ದೊಡ್ಡದಾಗ್ತಾ ಹೋಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಇನ್ನೆಷ್ಟು ಚಳಿಗಾಲ ಹೀಗೆ ಎಣಿಸ್ತಾರೋ ಗೊತ್ತಿಲ್ಲ. ಅದಕ್ಕೇ ನನಗೆ ಆ ಮೂರನೇ ಗೆರೆ ನಟ್ಟನಡುವೆ ನಿಲ್ಲಬೇಕು. "ಸುಮಾರಾಗಿದೆ ಬಿಡು" ಅನ್ನೋಕೆ ಮನಸ್ಸು ಬರಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಧೂಳು ಹಿಡಿದ ಟೆಲಿಸ್ಕೋಪ್ ಇದ್ದರೆ ಈ ಸಲ ಮಳೆ ನಿಂತ ಮೇಲೆ ಹೊರಗೆ ತೆಗೀರಿ. ರಟ್ಟಿಗೆ ಲಗ್ನಪತ್ರಿಕೆ ನಾನು ಕೊಡ್ತೀನಿ, ಬೇಕಾದಷ್ಟಿದೆ.