ವಿಳಾಸವೂ ವ್ಯಕ್ತಿಯೂ ಒಂದೆಯೆ?

ಬಂದವರಾರೆಂದು ತಿಳಿಯಬೇಕೆಂಬ ಅಪೇಕ್ಷೆ ವ್ಯಾಪಾರಿಗೆ ಸಹಜವಾದುದು. ನಮ್ಮ ಅಂಗಡಿಯ ವ್ಯವಹಾರವು ಈಗ ಜಾಲತಾಣದ ಮೂಲಕವೂ ನಡೆಯುತ್ತಿದೆ. ಕೆಲವು ತಿಂಗಳ ಹಿಂದೆ ಅದರಲ್ಲಿ ಸುಳ್ಳು ಆರ್ಡರುಗಳು ಒಂದರ ಮೇಲೊಂದು ಬಂದವು. ಅವುಗಳ ಮುಂದೆ ದಾಖಲಾಗಿದ್ದ ಐಪಿ ವಿಳಾಸದಿಂದಲೇ ಹಳೆಯ ಗಿರಾಕಿಯೊಬ್ಬರ ಆರ್ಡರೂ ಬಂದಿತ್ತು. ಅವರ ಖಾತೆಯನ್ನು ಮುಚ್ಚಿಬಿಡೋಣವೆಂದು ಗುಮಾಸ್ತರು ಸೂಚಿಸಿದರು. ಇಪ್ಪತ್ತು ವರ್ಷಗಳ ವಿಶ್ವಾಸವನ್ನು ಒಂದು ಸಂಖ್ಯೆಯ ಮಾತಿನಿಂದ ಮುರಿಯುವ ಮುನ್ನ ಸಾಕ್ಷ್ಯವನ್ನು ಪರಿಶೀಲಿಸುವುದು ಯುಕ್ತವೆಂದು, ತಂತ್ರಾಂಶ ಬರೆದ ಯುವಕನನ್ನು ಕರೆಸಿದೆನು.

ಅವನು ಹೇಳಿದ ಸಾರಾಂಶವಿದು. ಸರ್ವರ್ ಸ್ವತಃ ಬಲ್ಲುದು ತನ್ನೊಡನೆ ನೇರವಾಗಿ ಸಂಪರ್ಕಿಸಿದ ಯಂತ್ರದ ವಿಳಾಸವನ್ನು ಮಾತ್ರ. ನಡುವೆ ಪ್ರಾಕ್ಸಿಯೆಂಬ ಮಧ್ಯವರ್ತಿಯಿದ್ದರೆ ಕಾಣುವುದು ಅದರ ವಿಳಾಸವೇ. ಆದುದರಿಂದ ಪ್ರಾಕ್ಸಿಯು ತಾನು ಕಂಡ ವಿಳಾಸವನ್ನು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಸಾಲಿನ ಬಲತುದಿಗೆ ಸೇರಿಸಿ ಕಳುಹಿಸುತ್ತದೆ. ಆದರೆ ಅದೇ ಸಾಲನ್ನು ಮೊದಲೇ ಸುಳ್ಳಾಗಿ ಬರೆದು ಕಳುಹಿಸುವುದು ಯಾರಿಗೂ ಸಾಧ್ಯ. ಬಲದಿಂದ ಎಡಕ್ಕೆ ಓದುತ್ತ, ನಮ್ಮ ಸ್ವಂತ ಪ್ರಾಕ್ಸಿಗಳು ಬರೆದುದನ್ನಷ್ಟೇ ನಂಬಬೇಕು. ಹಾಗೆ ಓದಿದಾಗಲೂ ನಮ್ಮ ವಿಳಾಸವು ನೈಜವೆಂದೇ ತಿಳಿಯಿತು.

ಹಾಗಾದರೆ ಗಿರಾಕಿಯೇ ಅಪರಾಧಿಯೆ? ಅಲ್ಲ. 1981ರಲ್ಲಿ ನಿಗದಿಯಾದ ನಾಲ್ಕನೆಯ ಆವೃತ್ತಿಯ ವಿಳಾಸವು 32 ಬಿಟ್‌ಗಳದು. ಒಟ್ಟು ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಇವು ಸಾಲದುದರಿಂದ ಸೇವಾಸಂಸ್ಥೆಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಚಂದಾದಾರರಿಗೆ ಹಂಚುತ್ತವೆ. ಛತ್ರವೊಂದರಲ್ಲಿ ತಂಗಿದವರೆಲ್ಲರಿಗೂ ಅಂಚೆ ವಿಳಾಸ ಒಂದೇ. ಒಬ್ಬನ ದೋಷಕ್ಕೆ ಮಿಕ್ಕವರು ಹೊಣೆಯಲ್ಲ. ನಿಖರವಾದ ವೇಳೆ ಮತ್ತು ಪೋರ್ಟ್ ಸಂಖ್ಯೆಗಳಿದ್ದರೆ ಸೇವಾಸಂಸ್ಥೆಯು ಚಂದಾದಾರನನ್ನು ಗುರುತಿಸಬಲ್ಲುದೇ ಹೊರತು ನಾವಲ್ಲ. ಖಾತೆಯನ್ನು ಉಳಿಸಿಕೊಂಡೆವು, ಆರ್ಡರನ್ನು ದೂರವಾಣಿಯಲ್ಲಿ ಖಚಿತಪಡಿಸಿಕೊಳ್ಳುವ ಕ್ರಮವನ್ನು ತಂದೆವು. ಸುಳ್ಳು ಆರ್ಡರುಗಳು ನಿಂತವು.

ಇಷ್ಟರಿಂದ ಆ ಸಂಖ್ಯೆಯು ಕ್ಷುಲ್ಲಕವೆಂದು ಭಾವಿಸಬಾರದು. ವ್ಯಕ್ತಿಯನ್ನು ಗುರುತಿಸಲು ಕಾನೂನುಬದ್ಧ ಮಾರ್ಗವಿರುವಲ್ಲಿ, ಬದಲಾಗುತ್ತಿರುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿಯಾಗಬಲ್ಲುದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2016ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ನಮ್ಮ ದೇಶದಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನವು ಗಣಕ ವ್ಯವಸ್ಥೆಗಳ ದಾಖಲೆಯನ್ನು 180 ದಿನ ಕಾಪಾಡಬೇಕೆಂದು ವಿಧಿಸಿತು.

ಪೂಜೆ, ದೇಣಿಗೆ, ವಸತಿಗಳ ಕೋರಿಕೆಯನ್ನು ಜಾಲತಾಣದಲ್ಲಿ ಸ್ವೀಕರಿಸುವ ನಮ್ಮ ಟ್ರಸ್ಟುಗಳೂ ಇದನ್ನು ವಿಚಾರಿಸಬೇಕು. ಕಾನೂನು ಬೇಡುವಷ್ಟನ್ನು ಜೋಪಾನವಾಗಿಡಲಿ, ಅವಧಿ ತೀರಿದೊಡನೆ ಅಳಿಸಲಿ, ದಾಖಲೆಯನ್ನು ಕಂಡಕಂಡವರ ಕೈಗೆ ಕೊಡದಿರಲಿ. ಬರಿಯ ಸಂಖ್ಯೆಯೊಂದನ್ನು ಹಿಡಿದು ಯಾರ ಮೇಲೂ ದೋಷವನ್ನು ಹೊರಿಸದಿರಲಿ.