ಅಪ್ಪನ ಫಿಯಟ್ ಪಂಚರ್ ಆದಾಗ

ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿದೆ. ಬಣ್ಣ ಬಿಳಿ, ಹೆಸರು ಪ್ರೀಮಿಯರ್ ಪದ್ಮಿನಿ, ವಯಸ್ಸಿನಲ್ಲಿ ನನ್ನ ಮಗನಿಗಿಂತ ಎರಡು ವರ್ಷ ದೊಡ್ಡದು. ಮನೆಯವರೆಲ್ಲ ಈಗಲೂ ಅದನ್ನು 'ಫಿಯಟ್' ಎಂದೇ ಕರೆಯುತ್ತೇವೆ. ಇಟಲಿಯ ಫಿಯಟ್ 1100 ಕಾರಿನ ಮಾದರಿಯನ್ನೇ ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದುದರಿಂದ ಆ ಹೆಸರು ಜನರ ಬಾಯಲ್ಲಿ ಉಳಿದುಬಿಟ್ಟಿತು.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಅಪ್ಪ 1978ರಲ್ಲಿ ಈ ಕಾರು ತಂದರು. ಆಗೆಲ್ಲ ಕೈಯಲ್ಲಿ ದುಡ್ಡಿದ್ದ ಮಾತ್ರಕ್ಕೆ ಕಾರು ಸಿಗುತ್ತಿರಲಿಲ್ಲ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ತಂದ ಕಾರನ್ನು ಅಪ್ಪ ಮನೆಯ ಹಸುವಿನಷ್ಟೇ ಅಕ್ಕರೆಯಿಂದ ನೋಡಿಕೊಂಡರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಈಗ ಈ ಕಾರಿನ ತಯಾರಿಕೆ ನಿಂತು ಇಪ್ಪತ್ತು ವರ್ಷ ದಾಟಿದೆ. ಚಕ್ರದ ನಡುವೆ ಹೊಳೆಯುವ ಹಬ್ ಕ್ಯಾಪ್ ಒಂದು ಸೊಟ್ಟಗಾದರೆ ಅಂಥದ್ದೇ ಇನ್ನೊಂದು ಹುಡುಕಲು ಹತ್ತು ಗುಜರಿ ಅಂಗಡಿ ಅಲೆಯಬೇಕು.

ಆ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಎತ್ತಿನ ಗಾಡಿಗಳದ್ದೇ ಓಡಾಟ. ಎತ್ತಿನ ಕಾಲಿನಿಂದ ಕಳಚಿದ ಲಾಳದ ಮೊಳೆಗಳು ಟೈರಿಗೆ ಚುಚ್ಚುವುದು ಮಾಮೂಲಾಗಿತ್ತು. ಅಪ್ಪ ಪ್ರತಿ ಸಲ ಹೇಳುತ್ತಿದ್ದ ಮಾತೊಂದಿದೆ: "ಮೊಳೆ ಮಾಡೋದು ಒಂದು ಸಣ್ಣ ತೂತು. ಮಿಕ್ಕ ಗಾಯ ಎಲ್ಲಾ ನಮ್ಮ ಅವಸರ ಮಾಡೋದು." ರಿಮ್ ಸೊಟ್ಟಗಾಗುವುದು, ಬಣ್ಣ ಕಿತ್ತು ಬರುವುದು, ಟ್ಯೂಬ್ ಹರಿಯುವುದು, ಬೋಲ್ಟಿನ ಮರೆ ಸವೆಯುವುದು, ಇವು ಯಾವುವೂ ಮೊಳೆಯ ಕೆಲಸವಲ್ಲ.

ಕಳೆದ ದಸರಾ ರಜೆಯಲ್ಲಿ ಮೊಮ್ಮಕ್ಕಳಿಗೆ ಹಳೇಬೀಡು ತೋರಿಸಬೇಕೆಂದು ಹೊರಟೆವು. ಏಳನೇ ತರಗತಿಯ ಮೊಮ್ಮಗಳು, ಮೂರನೆಯದರಲ್ಲಿರುವ ಅವಳ ತಮ್ಮ, ನಾನು ಮತ್ತು ನನ್ನ ಹೆಂಡತಿ. ಫಿಯಟ್‌ನಲ್ಲೇ ಹೋಗೋಣ ಎಂದು ಮಕ್ಕಳ ಹಟ. ಮಗನಿಗೆ ಇಷ್ಟವಿರಲಿಲ್ಲ. ಕೊನೆಗೆ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ: "ಅಪ್ಪಾ, ಮಕ್ಕಳನ್ನ ಕೂರಿಸ್ಕೊಂಡು ಹೋದಾಗ ಇದು ದಾರೀಲಿ ಕೈಕೊಟ್ರೆ, ಬಂದ ಮೇಲೆ ಮಾರಿಬಿಡೋಣ." ನಾನು ಹೂಂ ಅಂದೆ. ಮೊಮ್ಮಗಳ ಮುಖ ಮಾತ್ರ ಸಣ್ಣದಾಯಿತು.

ಅರಸೀಕೆರೆ ದಾಟಿ, ಬಾಣಾವರ ದಾಟಿ, ಜಾವಗಲ್ ಇನ್ನೇನು ಬಂತು ಅನ್ನುವಾಗ ಕಾರು ಹಿಂದಿನಿಂದ ಓಲಾಡತೊಡಗಿತು. ಬ್ರೇಕನ್ನು ಜೋರಾಗಿ ತುಳಿಯದೆ, ವೇಗ ತಾನಾಗಿ ಇಳಿಯಲು ಬಿಟ್ಟು, ರಸ್ತೆ ಪಕ್ಕದ ಗಟ್ಟಿ ಸಮತಟ್ಟು ಜಾಗಕ್ಕೆ ತಂದು ನಿಲ್ಲಿಸಿದೆ. ಎಡಗಡೆಯ ಹಿಂದಿನ ಟೈರು ಪೂರ್ತಿ ಕೂತಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ನಿಂತು, "ಯಜಮಾನ್ರೇ, ಜಾವಗಲ್ ಎರಡೇ ಕಿಲೋಮೀಟ್ರು. ಮೆಲ್ಲಗೆ ಓಡಿಸ್ಕೊಂಡೇ ಹೋಗ್ಬಿಡಿ" ಅಂದ. ಒಳ್ಳೆಯ ಮನಸ್ಸಿನ ಹುಡುಗ. ಆದರೆ ಗಾಳಿಯಿಲ್ಲದ ಟೈರಿನ ಮೇಲೆ ಕಾರು ಓಡಿದರೆ ಕಬ್ಬಿಣದ ರಿಮ್ಮು ಟೈರಿನ ಪಕ್ಕೆಯನ್ನು ಅಗಿದುಹಾಕುತ್ತದೆ, ಒಳಗಿನ ಟ್ಯೂಬು ಮಡಚಿ ಹರಿಯುತ್ತದೆ. ಒಂದು ತೂತು ಹತ್ತಾಗುತ್ತದೆ.

"ಹಾಗಾದ್ರೆ ಕಾರು ಮಾರಿಬಿಡ್ತಾರಾ ತಾತಾ?" ಅಂದಳು ಮೊಮ್ಮಗಳು. "ಮೊದಲು ಚಕ್ರ ಬದಲಾಯಿಸೋಣ" ಅಂದೆ.

ಮಕ್ಕಳನ್ನು ಅಜ್ಜಿಯ ಜೊತೆ ರಸ್ತೆಯಿಂದ ದೂರ, ಹೊಲದ ಬದುವಿನ ಮೇಲೆ ನಿಲ್ಲಿಸಿದೆ. ಆ ಹುಡುಗ ಒಂದು ಹೊಂಗೆ ಕೊಂಬೆ ಮುರಿದು ತಂದು, ಹಿಂದಿನಿಂದ ಬರುವ ವಾಹನಗಳಿಗೆ ಕಾಣುವಂತೆ ದೂರದಲ್ಲಿ ಇಟ್ಟ. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟೆವು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನಾವು ಎತ್ತುತ್ತಿರುವುದೂ ಹಿಂದಿನದನ್ನೇ. ಆದ್ದರಿಂದ ಕಲ್ಲು ಇಡದೆ ಜಾಕಿ ಮುಟ್ಟಬಾರದು.

ಹಬ್ ಕ್ಯಾಪ್ ಬಿಡಿಸಲು ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿಕೊಂಡೆ. ಒಂದೇ ಕಡೆ ಮೀಟದೆ, ಸುತ್ತ ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಸಡಿಲಿಸಿದರೆ ಅದು ತಟ್ಟೆಯಂತೆ ಕೈಗೆ ಬರುತ್ತದೆ. ಆಮೇಲೆ ಚಕ್ರ ನೆಲದ ಮೇಲಿರುವಾಗಲೇ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಎತ್ತಿದ ಮೇಲೆ ಜಗ್ಗಾಡಿದರೆ ಕಾರು ಜಾಕಿಯಿಂದ ಜಾರುತ್ತದೆ.

ಜಾಕಿ ಇಡುವ ಜಾಗವೇ ಎಲ್ಲಕ್ಕಿಂತ ಮುಖ್ಯ. ನಮ್ಮ ಕಾರಿನ ಹಿಂದಿನ ಎರಡು ಚಕ್ರಗಳನ್ನು ಎತ್ತಿನ ಗಾಡಿಯಲ್ಲಿರುವ ಹಾಗೆ ಒಂದು ಗಟ್ಟಿ ಅಚ್ಚು ಜೋಡಿಸುತ್ತದೆ. ಅದರ ಕೆಳಗೆ, ಚಕ್ರದ ಕಡೆಯ ತುದಿಯಲ್ಲಿ ಜಾಕಿ ಕೊಡಬೇಕು. ಬಾಗಿಲ ಕೆಳಗಿನ ತಗಡಿಗೋ ನೆಲದ ತಗಡಿಗೋ ಕೊಟ್ಟರೆ ಹಳೆಯ ಕಾರಿನ ತಗಡು ಹಪ್ಪಳದಂತೆ ಒಳಗೆ ಹೋಗುತ್ತದೆ. ಮಣ್ಣಿನಲ್ಲಿ ಜಾಕಿ ಹೂತುಹೋಗದಿರಲಿ ಎಂದು ಡಿಕ್ಕಿಯಲ್ಲಿ ಅಪ್ಪನ ಕಾಲದ ಒಂದು ಹಲಗೆ ತುಂಡು ಸದಾ ಇರುತ್ತದೆ. ಕಾರು ಎತ್ತಿರುವಾಗ ಕೈಯಾಗಲಿ ಕಾಲಾಗಲಿ ಅದರ ಕೆಳಗೆ ಹೋಗಕೂಡದು.

ಸ್ಟೆಪ್ನಿ ಉರುಳಿಸಿಕೊಂಡು ಬಂದೆ. "ಸ್ಟೆಪ್ನಿ ಅಂದ್ರೇನು ತಾತ?" ಎಂದ ಚಿಕ್ಕವನು. ಮಕ್ಕಳೇ, ಅದೊಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಲನೆತ್ಲಿ ಎಂಬ ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಕಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಆ ಬೀದಿಯ ಹೆಸರನ್ನು ನಾವು ಇವತ್ತಿಗೂ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇವೆ!

ಬೋಲ್ಟುಗಳನ್ನು ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸಿದೆ. ಪಾನಾದಿಂದ ಶುರು ಮಾಡಿದರೆ ಮರೆ ಹಾಳಾಗುವ ಭಯ. ಒಂದನ್ನು ಬಿಗಿದ ಮೇಲೆ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯಬೇಕು. ಆಗ ಚಕ್ರ ಸಮನಾಗಿ ಕೂರುತ್ತದೆ. ಜಾಕಿ ಇಳಿಸಿ, ಮತ್ತೊಮ್ಮೆ ಬಿಗಿದು, ಕಲ್ಲು ಕೊಂಬೆಗಳನ್ನು ರಸ್ತೆಯಿಂದ ತೆಗೆದು ಹೊರಟೆವು.

ಸ್ಟೆಪ್ನಿ ಮೇಲೆಯೇ ಊರೂರು ತಿರುಗಬಾರದು. ಜಾವಗಲ್‌ನಲ್ಲಿ ಹಳೆಯ ಟೈರು ನೇತುಹಾಕಿದ್ದ ಒಂದು ಸಣ್ಣ ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯವರು ಕಾರನ್ನು ಒಂದು ಸುತ್ತು ನೋಡಿ, "ಇದಕ್ಕೆ ಕೈಯಲ್ಲೇ ಮಾಡ್ಬೇಕು ಯಜಮಾನ್ರೇ. ಅರ್ಧ ಗಂಟೆ ಕೂತ್ಕೊಳ್ಳಿ" ಅಂದರು. ಆ ಮಾತು ಕೇಳಿಯೇ ನನಗೆ ನೆಮ್ಮದಿಯಾಯಿತು.

ಅವರು ಮೊದಲು ಸೀಮೆಸುಣ್ಣದಿಂದ ವಾಲ್ವ್ ಇರುವ ಕಡೆ ಟೈರಿನ ಮೇಲೆ ಗುರುತು ಹಾಕಿದರು. ಟ್ಯೂಬಿನಲ್ಲಿ ತೂತು ಎಲ್ಲಿದೆಯೆಂದು ತಿಳಿದರೆ ಟೈರಿನಲ್ಲಿ ಮೊಳೆ ಎಲ್ಲಿದೆಯೆಂದು ಈ ಗುರುತು ಹೇಳುತ್ತದೆ. ಉಳಿದ ಗಾಳಿ ಬಿಟ್ಟು, ಅಂಚಿಗೆ ಸೋಪಿನ ನೀರು ಹಚ್ಚಿ, ಕಾಲಿನಿಂದ ತುಳಿದು ಟೈರನ್ನು ರಿಮ್ಮಿನಿಂದ ಬಿಡಿಸಿದರು. ಸುತ್ತಿಗೆ ಮುಟ್ಟಲೇ ಇಲ್ಲ. ಲಿವರಿನ ಕೆಳಗೆ ಹಳೆ ಟ್ಯೂಬಿನ ತುಂಡು ಇಟ್ಟು, ಸ್ವಲ್ಪ ಸ್ವಲ್ಪವೇ ಮೀಟಿದರು. ರಿಮ್ಮಿನ ಬಣ್ಣ ಹಾಗೇ ಉಳಿಯಿತು.

ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿದಾಗ ಗುಳ್ಳೆಗಳು ಸಾಲಾಗಿ ಎದ್ದವು. ಮಕ್ಕಳಿಬ್ಬರೂ ತೊಟ್ಟಿಯ ಮೇಲೆ ಬಗ್ಗಿದರು. ತೂತಿಗೆ ಗುರುತು ಹಾಕಿ, ಒರೆಸಿ ಒಣಗಿಸಿ, ಅರದಿಂದ ಉಜ್ಜಿ ತರಿತರಿ ಮಾಡಿ, ಸೊಲ್ಯೂಷನ್ ಸವರಿದರು. "ಇನ್ನು ಪ್ಯಾಚ್ ಅಂಟಿಸಿ" ಎಂದು ಚಿಕ್ಕವನು ಅವಸರ ಮಾಡಿದ. "ತಡಿಯಪ್ಪಾ, ಇದು ಒಣಗ್ಬೇಕು. ಹಸಿ ಮೇಲೆ ಅಂಟ್ಸಿದ್ರೆ ನಾಳೆ ಬಿಟ್ಕೊಳ್ಳತ್ತೆ" ಅಂದರು.

ಆ ಬಿಡುವಿನಲ್ಲಿ ನಾನು ಮಕ್ಕಳಿಗೆ ಗಾಳಿ ಟೈರಿನ ಕತೆ ಹೇಳಿದೆ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿಕೊಟ್ಟರು. ಸವಾರಿ ಮೆತ್ತಗಾಯಿತು. ಆದರೆ ಆಗಿನ ಟೈರುಗಳನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಚರ್ ಆದರೆ ಬಿಡಿಸಲು ಗಂಟೆಗಟ್ಟಲೆ, ಅಂಟು ಒಣಗಲು ಒಂದು ರಾತ್ರಿ. ಫ್ರಾನ್ಸಿನ ಮಿಶೆಲಿನ್ ಸಹೋದರರು ಈ ಪಾಡು ನೋಡಿ, ಬಿಚ್ಚಿ ಹಾಕಬಹುದಾದ ಸೈಕಲ್ ಟೈರು ರೂಪಿಸಿ 1891ರಲ್ಲಿ ಪೇಟೆಂಟ್ ಪಡೆದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ ದೀರ್ಘ ಸೈಕಲ್ ಪಂದ್ಯವನ್ನು ಆ ಟೈರು ಹಾಕಿದವನೇ ಗೆದ್ದ. ರಿಪೇರಿ ಮಾಡಲು ಬರುವುದೂ ಒಂದು ವಸ್ತುವಿನ ದೊಡ್ಡ ಗುಣ ಎಂದು ಜಗತ್ತಿಗೆ ಆಗ ತಿಳಿಯಿತು.

ಸೊಲ್ಯೂಷನ್ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಪ್ಯಾಚ್ ಕೂರಿಸಿದರು. ಆಮೇಲೆ ಮೊಮ್ಮಗಳ ಕೈಗೊಂದು ಹಳೆ ಬಟ್ಟೆ ಕೊಟ್ಟು, "ಏನವ್ವಾ, ನೀನೊಂದು ಕೆಲಸ ಮಾಡ್ತೀಯಾ? ಟೈರ್ ಒಳಗೆ ಈ ಬಟ್ಟೆ ಸವರ್ತಾ ಹೋಗು. ಬರೀ ಕೈ ಹಾಕ್ಬೇಡ" ಅಂದರು. ಮೊಳೆಯನ್ನು ಅವರು ಆಗಲೇ ಇಕ್ಕಳದಲ್ಲಿ ಕಿತ್ತು ತೋರಿಸಿದ್ದರು. ಇನ್ನೇನು ಇರುತ್ತದೆ ಎಂದು ನನಗೂ ಅನ್ನಿಸಿತು. ಅವಳು ನಿಧಾನವಾಗಿ ಸವರುತ್ತಾ ಅರ್ಧ ಸುತ್ತು ಬಂದಾಗ ಬಟ್ಟೆ ಸಿಕ್ಕಿಕೊಂಡಿತು. ಮೊಳೆಯಿದ್ದ ಕಡೆಯಿಂದ ದೂರದಲ್ಲಿ, ಮುರಿದ ಜಾಲಿ ಮುಳ್ಳಿನ ತುದಿ!

"ಇದು ಉಳಿದಿದ್ರೆ ಸಂಜೆ ಮತ್ತೆ ನನ್ನ ಹತ್ರಾನೇ ಬರ್ತಿದ್ರಿ" ಎಂದು ನಕ್ಕರು. ಮೊಮ್ಮಗಳು ಆ ಮುಳ್ಳನ್ನು ಕಾಗದದಲ್ಲಿ ಮಡಚಿ ಜೇಬಿಗೆ ಹಾಕಿಕೊಂಡಳು.

ಟ್ಯೂಬಿಗೆ ಪೌಡರ್ ಸವರಿ, ಚೂರು ಗಾಳಿ ಕೊಟ್ಟು ದುಂಡಗೆ ಮಾಡಿ ಒಳಗಿಟ್ಟರು. ಚಪ್ಪಟೆಯಾಗಿದ್ದರೆ ಲಿವರಿಗೆ ಸಿಕ್ಕಿ ಹೊಸ ತೂತು ಬೀಳುತ್ತದೆ. ವಾಲ್ವ್ ನೆಟ್ಟಗೆ ನಿಲ್ಲಿಸಿ ಗಾಳಿ ತುಂಬಿದರು, ಪೂರ್ತಿ ಬಿಟ್ಟರು, ಮತ್ತೆ ತುಂಬಿದರು. ಒಳಗಿನ ಸುಕ್ಕುಗಳು ಹೀಗೆ ಬಿಡುತ್ತವೆ. ಹಬ್ ಕ್ಯಾಪನ್ನು ಅಂಗೈಯಲ್ಲಿ ಒತ್ತಿ ಕೂರಿಸಿದರು.

ಹಳೇಬೀಡು ನೋಡಿ ರಾತ್ರಿ ಎಂಟಕ್ಕೆ ಮನೆ ಸೇರಿದೆವು. ಮಗ ಟಾರ್ಚ್ ಹಿಡಿದು ಚಕ್ರದ ಮುಂದೆ ಕೂತು ಬಹಳ ಹೊತ್ತು ನೋಡಿದ. ಎಲ್ಲೂ ಒಂದು ಗೀರಿರಲಿಲ್ಲ. ಮಗಳು ಮುಳ್ಳಿನ ಪೊಟ್ಟಣ ಅವನ ಕೈಗಿಟ್ಟು, "ಕಾರು ಕೈಕೊಡ್ಲಿಲ್ಲ ಅಪ್ಪಾ, ಇದು ಚುಚ್ಚಿತ್ತು ಅಷ್ಟೇ" ಅಂದಳು. ಅವನು ಏನೂ ಹೇಳಲಿಲ್ಲ. ಮುಂದಿನ ವಾರ ನಾಲ್ಕು ಚಕ್ರಕ್ಕೂ ಸ್ಟೆಪ್ನಿಗೂ ಹೊಸ ಟ್ಯೂಬ್ ತಂದ. ಮಾರುವ ಮಾತು ಅಲ್ಲಿಗೇ ನಿಂತಿತು.

ಈಗಿನ ಕಾರುಗಳಲ್ಲಿ ಟ್ಯೂಬೇ ಇರುವುದಿಲ್ಲ ಎಂದು ನೀವು ಹೇಳಬಹುದು. ಆದರೂ ನಿಯಮ ಹೆಚ್ಚು ಬದಲಾಗಿಲ್ಲ. ನೆಲಕ್ಕೆ ತಾಗುವ ಭಾಗದ ಸಣ್ಣ ತೂತನ್ನು ಮಾತ್ರ ಸರಿಪಡಿಸಬಹುದು. ಪಕ್ಕೆ ಸೀಳಿದ ಟೈರಿಗೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು. ಹೊರಗಿನಿಂದ ರಬ್ಬರ್ ದಾರ ತುರುಕಿಸಿಕೊಂಡು ಬಂದಿದ್ದರೆ, ಬಿಡುವಾದಾಗ ಟೈರು ಬಿಚ್ಚಿಸಿ ಒಳಗಡೆಯೂ ನೋಡಿಸುವುದು ಒಳ್ಳೆಯದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ನಿಮ್ಮ ಮನೆಯ ಕಾರಿನ ಟೈರಿನ ವಯಸ್ಸೆಷ್ಟು, ಇವತ್ತೇ ಹುಡುಕಿ ನೋಡಿ.

ನಮ್ಮ ಮನೆಯಲ್ಲಿ ಈ ಲೆಕ್ಕವೆಲ್ಲ ಈಗ ಮೊಮ್ಮಗಳ ನೋಟ್‌ಬುಕ್ಕಿನಲ್ಲಿದೆ. ಪ್ರತಿ ಭಾನುವಾರ ಬೆಳಿಗ್ಗೆ, ಕಾರು ಇನ್ನೂ ತಣ್ಣಗಿರುವಾಗ, ಗಾಳಿ ಅಳೆಯುವ ಗೇಜ್ ಹಿಡಿದು ಐದು ಚಕ್ರಗಳನ್ನೂ ನೋಡಿ ಬರೆದಿಡುತ್ತಾಳೆ. ಅವಳ ತಮ್ಮನ ಕೆಲಸ ಹಲಗೆ ತುಂಡು ಡಿಕ್ಕಿಯಲ್ಲಿದೆಯೇ ಎಂದು ನೋಡುವುದು.