ಮಾಮೂ ಹೇಳಿದ ಭಾರ

ಶಿವಾಜಿನಗರದ ನಮ್ಮ ಮನೆಗೆ ಕೆಜಿಎಫ್‌ನಿಂದ ಮಾಮೂ ಬರುತ್ತಿದ್ದುದು ಮಾರಿಕುಪ್ಪಂ ರೈಲಿನಲ್ಲಿ. ಕೆ.ಆರ್.ಪುರ ದಾಟಿ ಕಂಟೋನ್ಮೆಂಟ್‌ನಲ್ಲಿಳಿದು ನಡೆದೇ ಬರುವರು. ಅವರ ಕೆಲಸ ಚಾಂಪಿಯನ್ ರೀಫ್ ಗಣಿಯಲ್ಲಿ. ನೆಲದಿಂದ 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದಿದ್ದ ಗಣಿ ಅದು.

"ಕೆಳಗೆ ಹೋದರೆ ಮೈ ಭಾರ ಆಗ್ತದೆ ಮಕ್ಕಳೇ" ಎಂದರು ಒಮ್ಮೆ, ಊಟಕ್ಕೆ ಕುಳಿತಾಗ. ನಾವು ಅಣ್ಣತಮ್ಮಂದಿರು ಆಗಷ್ಟೇ ಶಾಲೆಯಲ್ಲಿ ಗುರುತ್ವದ ಪಾಠ ಓದಿದ್ದೆವು. ಭೂಮಿಯೊಳಕ್ಕೆ ಇಳಿದಂತೆ ಗುರುತ್ವ ಕಡಿಮೆಯಾಗುತ್ತದೆ, ಕೇಂದ್ರದಲ್ಲಿ ಸೊನ್ನೆ ಎಂದು ಪುಸ್ತಕದಲ್ಲಿತ್ತು. "ಇಲ್ಲ ಮಾಮೂ, ಹಗುರ ಆಗಬೇಕು" ಎಂದು ಹಾಳೆಯ ಮೇಲೆ ಸೂತ್ರವನ್ನೇ ಬರೆದು ತೋರಿಸಿದೆವು. ಎಲ್ಲರೂ ನಕ್ಕರು. ಮಾಮೂ ಹಾಳೆಯನ್ನು ನೋಡಿ, "ಪುಸ್ತಕದಲ್ಲಿದ್ದರೆ ಸರಿ ಇರಬೇಕು ಬಿಡಿ" ಎಂದು ಅನ್ನ ಕಲಸಿಕೊಂಡರು. ಆಮೇಲೆ ನಮ್ಮ ಮುಂದೆ ಅವರು ಗಣಿಯ ಮಾತೆತ್ತಿದ್ದು ನೆನಪಿಲ್ಲ.

ಎಷ್ಟೋ ವರ್ಷಗಳ ನಂತರ ತಿಳಿಯಿತು: ಆ ಸೂತ್ರ, ಭೂಮಿಯು ರವೆ ಉಂಡೆಯಂತೆ ಒಳಗೂ ಹೊರಗೂ ಒಂದೇ ಹದ ಎಂದುಕೊಂಡು ಮಾಡಿದ್ದು. ನಿಜವಾದ ಭೂಮಿ ಗೊರಟು ಇರುವ ಮಾವಿನ ಹಣ್ಣು. ಮೇಲಿನ ಬಂಡೆ ನೀರಿಗಿಂತ ಸುಮಾರು 3 ಪಟ್ಟು ಭಾರ; ಇಡೀ ಭೂಮಿಯ ಸರಾಸರಿ 5.5 ಪಟ್ಟು, ನಡುವಿನ ಕಬ್ಬಿಣದ ತಿರುಳಂತೂ 10 ಪಟ್ಟಿನ ಆಸುಪಾಸು, ಒಳಗೊಳಗೆ ಇನ್ನೂ ಹೆಚ್ಚು. ಕೆಳಗಿಳಿದವನಿಗೆ, ಅವನಿಗಿಂತ ಮೇಲೆ ಉಳಿದ ಪದರದ ಸೆಳೆತ ಸುತ್ತಲಿಂದ ಒಂದನ್ನೊಂದು ಕಳೆದುಕೊಂಡು ಸೊನ್ನೆಯಾಗುತ್ತದೆ, ಅಷ್ಟು ಸರಿ. ಆದರೆ ಕೈತಪ್ಪಿದ್ದು ಹಗುರ ಬಂಡೆ, ಹತ್ತಿರವಾದದ್ದು ಭಾರದ ತಿರುಳು. ಆದ್ದರಿಂದ ಗುರುತ್ವ ಮೊದಲು ಏರುತ್ತದೆ. ನೆಲದ ಮೇಲೆ 9.8 ಇದ್ದದ್ದು ಅಷ್ಟಿಷ್ಟು ಏರಿಳಿದು, 2,900 ಕಿ.ಮೀ. ಆಳದ ತಿರುಳಿನ ಅಂಚಿನಲ್ಲಿ 10.7ರ ಹತ್ತಿರ ಮುಟ್ಟುತ್ತದೆ. ಪುಸ್ತಕದ ಇಳಿಮುಖ ಶುರುವಾಗುವುದು ಅಲ್ಲಿಂದ. 1854ರಲ್ಲೇ ಜಾರ್ಜ್ ಏರಿ ಎಂಬ ವಿಜ್ಞಾನಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಲೋಲಕ ಆಡಿಸಿ ನೋಡಿದ್ದರು. ತಳದ ಲೋಲಕ ದಿನಕ್ಕೆ 2 ಸೆಕೆಂಡಿಗಿಂತ ತುಸು ಹೆಚ್ಚು ಮುಂದೋಡಿತ್ತು.

ಅಂದರೆ ಮಾಮೂ ಹೇಳಿದ್ದೇ ಸರಿ. ಎಷ್ಟು ಸರಿ? ಲೆಕ್ಕ ಹಾಕಿದೆವು. 60 ಕೆ.ಜಿ.ಯ ಮನುಷ್ಯ ಚಾಂಪಿಯನ್ ರೀಫಿನ ತಳದಲ್ಲಿ 10-12 ಗ್ರಾಂ ಹೆಚ್ಚು ತೂಗುತ್ತಾನೆ. ಚಹಾಕ್ಕೆ ಹಾಕುವ ಎರಡು ಮೂರು ಚಮಚ ಸಕ್ಕರೆಯಷ್ಟು. ರಸಲ್ ಮಾರ್ಕೆಟ್ಟಿನ ತಕ್ಕಡಿ ಒಯ್ದರೆ ಅದೂ ಕಾಣದು. ತೂಕದ ಕಲ್ಲೂ ಅಷ್ಟೇ ಭಾರವಾಗುತ್ತದಲ್ಲ! ಸ್ಪ್ರಿಂಗ್ ತಕ್ಕಡಿಯೇ ಬೇಕು.

ಮಾಮೂ ಹೇಳಿದ ಭಾರ ಇದಲ್ಲ ಎಂದು ಈಗ ಗೊತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಒತ್ತಡಕ್ಕೆ ಬಂಡೆ ಹಠಾತ್ತನೆ ಸಿಡಿದು ಜೀವಗಳು ಹೋಗುತ್ತಿದ್ದವು. ಆ ದಿನ ನಾವು ಕೇಳಬೇಕಿದ್ದುದು "ಯಾಕೆ ಭಾರ ಮಾಮೂ?" ಎಂದು. ಹಾಳೆ ತೋರಿಸಿದೆವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾಮೂ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮೊನ್ನೆ ಅವರ ಹೆಂಡತಿ, ನಮ್ಮ ಮುಮಾನಿಗೆ ಈ ಲೆಕ್ಕವನ್ನೆಲ್ಲ ವಿವರಿಸಿ, ತಪ್ಪು ನಮ್ಮದೇ ಎಂದೆವು.

"ಹನ್ನೆರಡು ಗ್ರಾಮಾ?" ಎಂದರು ಮುಮಾನಿ. "ಅವರ ಬೂಟಿಗೆ ಅಂಟಿಕೊಂಡು ಬರುತ್ತಿದ್ದ ಮಣ್ಣೇ ಅದಕ್ಕಿಂತ ಜಾಸ್ತಿ ಇತ್ತು."